ಗುಮ್ಮಟ ಇಲ್ಲದ ಊರಿನ ಪರಂಪರೆ

ಹಾಸ್ಟೆಲಿನಲ್ಲಿ ಮೊದಲ ವರ್ಷ ಪರಿಚಯ ಮಾಡಿಕೊಳ್ಳುವಾಗ "ವಿಜಯಪುರ ಜಿಲ್ಲೆ" ಅಂದ ಕೂಡಲೇ ಎದುರಿನವರ ಬಾಯಿಂದ ಬರೋ ಮಾತು ಒಂದೇ: "ಓ, ಗೋಳಗುಮ್ಮಟ!" ವಿಜಯಪುರ ಪಟ್ಟಣದ ಗೆಳೆಯರು ಹೆಮ್ಮೆಯಿಂದ ತಲೆ ಆಡಿಸ್ತಾರೆ. ನಾವು ನಾಲ್ಕು ಮಂದಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು. ನಮಗೆ ಎರಡನೇ ಪ್ರಶ್ನೆ ಬರುತ್ತದೆ: "ಹಂಗಾರ ನಿಮ್ಮೂರಾಗ ನೋಡಾಕ ಏನೈತಿ?" ನಾವು ಬಹಳ ದಿನ ಕೊಟ್ಟ ಉತ್ತರ: "ಏನಿಲ್ಲೋ ಮಾರಾಯ, ಸಾದಾ ಊರು."

ಹೋದ ರಜೆಯಲ್ಲಿ ಆ ಉತ್ತರ ಖರೆ ಐತೇನು ಅಂತ ನೋಡೋಣ ಎಂದುಕೊಂಡೆವು. ನಮ್ಮ ನಮ್ಮ ಊರಿನ ಪರಂಪರೆಯ ಪಟ್ಟಿ ಮಾಡೋದು ಅಂತ ತೀರ್ಮಾನಿಸಿ, ಸಮೀಕ್ಷೆಗೆ ಬಳಸುವ ಒಂದು ನಮೂನೆಯನ್ನು ಹಿಡಿದುಕೊಂಡು ಹೊರಟೆವು. ಅದರ ಕಾಲಂಗಳು ಹೀಗಿದ್ದವು: ಕಟ್ಟಡದ ಹೆಸರು, ಕಟ್ಟಿಸಿದವರು, ಕಾಲ, ವಾಸ್ತುಶೈಲಿ, ಬಳಸಿದ ವಸ್ತು, ಈಗಿನ ಸ್ಥಿತಿ. ಮೊದಲ ದಿನವೇ ಪೆನ್ನು ನಿಂತುಬಿಟ್ಟಿತು. ಓಣಿಯ ಹಿರಿಯರೊಬ್ಬರಿಗೆ "ಯಜ್ಜಾ, ಈ ಊರಾಗ ಹಳೇದು ಅಂದ್ರ ಯಾವುದು?" ಅಂತ ಕೇಳಿದ್ದಕ್ಕೆ ಅವರು ಕರೆದುಕೊಂಡು ಹೋಗಿ ತೋರಿಸಿದ್ದು ಒಂದು ಕುಣಿ. ಅಲಾಯಿ ಕುಣಿ. ಮೊಹರಂ ಬಂದಾಗ ಅಲ್ಲಿ ಬೆಂಕಿ ಹಾಕುತ್ತಾರೆ, ಸುತ್ತಲೂ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಡೋಲಿ ಹೊರುವವರಲ್ಲಿ, ಸಕ್ಕರೆ ಓದಿಸುವವರಲ್ಲಿ ಎಲ್ಲ ಜಾತಿ-ಧರ್ಮದವರೂ ಇರುತ್ತಾರೆ. ಉಳಿದ ದಿನ ಅದು ಬರೀ ತಗ್ಗು. ಹೊಸಬರು ನೋಡಿದರೆ ಕಸ ಚೆಲ್ಲುವ ಜಾಗ ಅಂದುಕೊಳ್ಳಬೇಕು.

ಕಟ್ಟಿಸಿದವರು? ಯಾರೂ ಇಲ್ಲ. ವಾಸ್ತುಶೈಲಿ? ತಗ್ಗು. ಬಳಸಿದ ವಸ್ತು? ಮಣ್ಣು ತೆಗೆದದ್ದೇ ಹೊರತು ಹಾಕಿದ್ದಲ್ಲ. ನಮೂನೆಯ ಪ್ರಕಾರ ಆ ಹಿರಿಯರು ನಮಗೆ ಏನನ್ನೂ ತೋರಿಸಿಯೇ ಇಲ್ಲ! ಆವಾಗ ಅನ್ನಿಸಿತು, ನಮ್ಮೂರಾಗ ಏನೂ ಇಲ್ಲ ಅಂತ ಹೇಳುತ್ತಿದ್ದುದು ನಾವಲ್ಲ, ಈ ಕಾಲಂಗಳು. ಹಾಗಾದರೆ ಈ ಕಾಲಂಗಳು ಎಲ್ಲಿಂದ ಬಂದವು? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ನಮೂನೆ ಹುಟ್ಟಿದ ಊರು

19ನೇ ಶತಮಾನದ ಯುರೋಪಿನಲ್ಲಿ ಕಾರ್ಖಾನೆಗಳು ಎದ್ದು ಹಳೆಯ ಪಟ್ಟಣಗಳ ಮುಖವೇ ಬದಲಾಗುತ್ತಿತ್ತು. ಹಳೆಯ ಚರ್ಚು, ಕೋಟೆಗಳನ್ನು ಏನು ಮಾಡಬೇಕು ಅನ್ನೋ ಜಗಳ ಅಲ್ಲಿ ಜೋರಾಗಿ ನಡೆಯಿತು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಬರೆದ ಪುಸ್ತಕದಲ್ಲಿ, ಹಳೆಯ ಕಟ್ಟಡವನ್ನು ಹೊಸದರಂತೆ ಮಾಡುವುದೇ ಅದನ್ನು ಕೊಂದಂತೆ ಎಂದು ವಾದಿಸಿದ. ಆ ಕಲ್ಲಿಗೆ ಆದ ವಯಸ್ಸೇ ಅದರ ಬೆಲೆ ಎಂಬುದು ಅವನ ನಿಲುವು. 1903ರಲ್ಲಿ ಆಸ್ಟ್ರಿಯಾದ ಅಲಾಯ್ಸ್ ರೀಗಲ್ ಸ್ಮಾರಕಗಳ ಬೆಲೆಗಳನ್ನು ವಿಂಗಡಿಸುತ್ತ 'ವಯಸ್ಸಿನ ಬೆಲೆ' ಎಂಬುದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟ. ಮುಂದಿನ ವರ್ಷ, 1904ರಲ್ಲಿ, ಲಾರ್ಡ್ ಕರ್ಜನ್ ಕಾಲದಲ್ಲಿ ಭಾರತಕ್ಕೆ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ 1958ರಲ್ಲಿ ನಾವೇ ಮಾಡಿಕೊಂಡ ಕಾಯ್ದೆಯೂ ಪ್ರಾಚೀನ ಸ್ಮಾರಕಕ್ಕೆ ಕನಿಷ್ಠ 100 ವರ್ಷ ಆಗಿರಬೇಕು ಅಂತ ಹೇಳುತ್ತದೆ. 1964ರ ಮೇ ತಿಂಗಳಲ್ಲಿ ಇಟಲಿಯ ವೆನಿಸ್ಸಿನಲ್ಲಿ ತಜ್ಞರು ಸೇರಿ ಒಪ್ಪಿದ 'ವೆನಿಸ್ ಸನ್ನದು' ಮೂಲ ವಸ್ತುವಿಗೆ ಮರ್ಯಾದೆ ಕೊಡಬೇಕು ಅನ್ನೋದನ್ನು ಇಡೀ ಜಗತ್ತಿಗೆ ಹರಡಿತು.

ಇದೆಲ್ಲ ತಪ್ಪು ಅಂತ ನಾವು ಹೇಳುತ್ತಿಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಗುಮ್ಮಟ ಇವತ್ತಿಗೂ ನಿಂತಿದೆ ಅಂದರೆ ಅದರಲ್ಲಿ ಈ ಕಾಯ್ದೆಗಳ ಪಾಲೂ ಇದೆ. ಆದರೆ ಈ ದೃಷ್ಟಿ ಏನನ್ನು ಕಾಣುತ್ತದೆ, ಏನನ್ನು ಬಿಡುತ್ತದೆ ಅನ್ನೋದಕ್ಕೆ ಗೋಳಗುಮ್ಮಟದ ಆವರಣವೇ ಉದಾಹರಣೆ. ಅದರ ಮುಂದೆ ಇರುವ ಕಟ್ಟಡ ನಗಾರಖಾನೆ. ಹೆಸರೇ ಹೇಳುವಂತೆ ಅದು ನಗಾರಿ ಬಾರಿಸುವ ಜಾಗ. 1892ರಿಂದ ಅಲ್ಲಿ ವಸ್ತುಸಂಗ್ರಹಾಲಯ ಇದೆ. ಕಲ್ಲು ಉಳಿದಿದೆ, ಕಮಾನು ಉಳಿದಿದೆ. ಆದರೆ ಯಾವ ಹೊತ್ತಿಗೆ, ಯಾವ ತಾಳದಲ್ಲಿ, ಯಾರು ನಗಾರಿ ಬಾರಿಸುತ್ತಿದ್ದರು ಅನ್ನೋದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಇನ್ನೊಂದು ಮಾತು. ಗೋಳಗುಮ್ಮಟವನ್ನು ಹೊಗಳುವಾಗ ರೋಮಿನ ಸೇಂಟ್ ಪೀಟರ್ಸ್ ಎಷ್ಟು, ಇದು ಎಷ್ಟು ಅಂತ ಹೋಲಿಸುವುದು ನಮಗೆಲ್ಲ ರೂಢಿ. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಕೂಡ ಇದನ್ನು ರೋಮಿನ ಪ್ಯಾಂಥಿಯಾನ್ ಜೊತೆ ತೂಗಿ ನೋಡಿದ್ದ. ನಮ್ಮ ಹೆಮ್ಮೆಯನ್ನೂ ನಾವು ರೋಮಿನ ಟೇಪು ಹಿಡಿದೇ ಅಳೆಯುತ್ತೇವೆ. ಗುಮ್ಮಟ ಇದ್ದವರು ಅಳೆದುಕೊಳ್ಳಬಹುದು. ಗುಮ್ಮಟ ಇಲ್ಲದ ನಮ್ಮಂಥ ತಾಲ್ಲೂಕು ಪಟ್ಟಣಗಳು ಸೀದಾ ಸೊನ್ನೆಗೆ ಬರುತ್ತವೆ.

ವರ್ಷಕ್ಕೊಮ್ಮೆ ಹೊಸದಾಗುವ ಹಳೆಯದು

ಮೂಲ ವಸ್ತುವೇ ಮುಖ್ಯ ಅನ್ನೋ ಮಾತಿಗೆ ದೊಡ್ಡ ತಕರಾರು ಬಂದದ್ದು ಜಪಾನಿನಿಂದ. ಅಲ್ಲಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸ ಮರದಿಂದ ಅದೇ ಅಳತೆಗೆ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ ನಡೆದದ್ದು 62ನೇ ಸಲದ್ದು. ಮರಕ್ಕೆ ಹತ್ತಿಪ್ಪತ್ತು ವರ್ಷ ವಯಸ್ಸು, ಆದರೆ ಕಟ್ಟುವ ವಿದ್ಯೆಗೆ ಸಾವಿರಕ್ಕೂ ಮಿಕ್ಕಿ. ಹಾಗಾದರೆ ಈ ದೇಗುಲ ಹಳೆಯದೋ ಹೊಸದೋ? 1994ರಲ್ಲಿ ಜಪಾನಿನ ನಾರಾ ಪಟ್ಟಣದಲ್ಲಿ ಸೇರಿದ ತಜ್ಞರು, 'ಅಸಲಿ' ಅನ್ನೋದನ್ನು ಎಲ್ಲ ಸಂಸ್ಕೃತಿಗಳಲ್ಲೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು ಎಂದು ಒಪ್ಪಿಕೊಂಡರು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಜಪಾನಲ್ಲ, ನಮ್ಮ ಮಾಳಿಗೆ ಮನೆ. ನಮ್ಮ ಕಡೆ ಹಳೆಯ ಮನೆ ಅಂದರೆ ಕಲ್ಲು-ಮಣ್ಣಿನ ಗೋಡೆ, ಕಟ್ಟಿಗೆ ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ದಪ್ಪಗೆ ಮಣ್ಣು. ನಡುವೆ ಬೆಳಕಿಂಡಿ. ಮಳೆಗಾಲ ಹತ್ತಿರ ಬಂತು ಅಂದರೆ "ಮ್ಯಾಳಗಿಗೆ ಮಣ್ಣ ಹಾಕಬೇಕು" ಅಂತ ಮನೆಮಂದಿ ಎಲ್ಲ ಬುಟ್ಟಿ ಹಿಡಿಯುತ್ತಿದ್ದರು. ಯಾವುದೋ ಮಣ್ಣು ನಡೆಯೋದಿಲ್ಲ, ಸವಳು ಮಣ್ಣೇ ಬೇಕು. ಸಿವಿಲ್ ಓದುವ ಗೆಳೆಯರಿಗೆ ಇದರ ಕಾರಣ ಗೊತ್ತಿರಬೇಕು. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಗಿದಾಗ ಉಬ್ಬಿ, ಅದರ ಸಣ್ಣ ಕಣಗಳು ಚದುರಿ ಸಂದುಗಳನ್ನೆಲ್ಲ ತುಂಬುತ್ತವೆ. ಹೊಲದಲ್ಲಿ ಬೆಳೆಗೆ ಶತ್ರುವಾದ ಇದೇ ಗುಣ ಮಾಳಿಗೆಯ ಮೇಲೆ ವಾಟರ್‌ಪ್ರೂಫಿಂಗ್. ದಪ್ಪ ಮಣ್ಣಿನಲ್ಲಿ ಶಾಖ ಇಳಿಯಲು ಗಂಟೆಗಟ್ಟಲೆ ಬೇಕಾದ್ದರಿಂದ 40 ಡಿಗ್ರಿ ದಾಟುವ ಬ್ಯಾಸಿಗೆಯ ಮಧ್ಯಾಹ್ನ ಒಳಗೆ ತಂಪು.

ಈ ಮಾಳಿಗೆಗೆ 'ಕಾಲ' ಯಾವುದು? ಗೋಡೆ ಅಜ್ಜನ ಕಾಲದ್ದು, ಮೇಲಿನ ಮಣ್ಣು ಹೋದ ವರ್ಷದ್ದು. ಪ್ರತಿ ವರ್ಷ ಮಣ್ಣು ಹಾಕುವುದನ್ನು ನಿಲ್ಲಿಸಿದರೆ ಕೆಲವೇ ಮಳೆಗಾಲಕ್ಕೆ ಜಂತಿ ಕೊಳೆಯುತ್ತದೆ. ಅಂದರೆ ಇಲ್ಲಿ ಪರಂಪರೆ ಅಂತ ಏನಾದರೂ ಇದ್ದರೆ ಅದು ಮಣ್ಣಿನಲ್ಲಿಲ್ಲ, ಯಾವ ಮಣ್ಣು ಎಲ್ಲಿ ಸಿಗುತ್ತದೆ, ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಅನ್ನೋ ತಿಳಿವಳಿಕೆಯಲ್ಲಿ, ಬುಟ್ಟಿ ಹಿಡಿಯಲು ಬರುವ ಕೈಗಳಲ್ಲಿ ಇದೆ.

ಹಗೇವಿನ ಕತೆಯೂ ಹಾಗೇ. ಬಿಳಿಜೋಳದ ನಾಡಿನಲ್ಲಿ ಜೋಳ ಇಡಲು ನೆಲದೊಳಗೆ ತೋಡಿದ ಕಣಜ ಅದು. ಒಳಗೆ ಕಣಿಕಿ, ಹುಲ್ಲು ಹಾಸಿ ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ. ಆಮೇಲೆ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇವತ್ತು ಕಾಳು ಕೆಡದಂತೆ ಇಡಲು ಮಾರುವ ಗಾಳಿಯಾಡದ ಚೀಲಗಳ ತತ್ವವೂ ಇದೇ. ಹಗೇವು ತೆರೆದ ಕೂಡಲೇ ಒಳಗಿಳಿದರೆ ಮನುಷ್ಯರೂ ಸಾಯುತ್ತಾರೆ. ಅದಕ್ಕೇ ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯುವ ರೂಢಿ. ಈಗ ರಸ್ತೆ, ಮನೆ ಕೆಲಸಕ್ಕೆ ನೆಲ ಅಗೆಯುವಾಗ ಮರೆತುಹೋದ ಹಗೇವು ಬಾಯಿ ಬಿಟ್ಟರೆ ಅದು ನಮಗೆ ಬರೀ ಫೌಂಡೇಶನ್ ಸಮಸ್ಯೆ.

ಸಾಲೋಟಗಿಯ ಕಂಬ ಹೇಳಿದ್ದು

ಇದೇನು ಹೊಸ ವಿಚಾರ, ಫಾರಿನ್ನಿನವರು ಒಪ್ಪಿದ ಮೇಲೆ ನಾವು ಹೇಳುತ್ತಿದ್ದೇವೆ ಅಂತ ಅನ್ನಿಸಬಹುದು. ಹಾಗಿದ್ದರೆ ಇಂಡಿ ಹತ್ತಿರದ ಸಾಲೋಟಗಿಗೆ ಬರ್ರಿ. ಅಲ್ಲಿನ ಕಂಬಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ್ದ. ಬೇರೆ ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾಸ್ಟೆಲ್ ಸಹಿತ ಕಾಲೇಜು!

ಆ ಶಾಲೆಯ ಕಟ್ಟಡ ಇವತ್ತಿಲ್ಲ. ಆದರೆ ಶಾಸನದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಖರ್ಚಿನ ಲೆಕ್ಕ. ದೀಪಕ್ಕೆ ಇಷ್ಟು ಭೂಮಿ, ಗುರುವಿಗೆ ಇಷ್ಟು, ವಿದ್ಯಾರ್ಥಿಗಳ ವಸತಿಗೆ ಇಷ್ಟು. ಊರಲ್ಲಿ ಮದುವೆ, ಉಪನಯನ ಆದಾಗ ಶಾಲೆಗೆ ಇಷ್ಟು ಕೊಡಬೇಕು ಅಂತ ಊರವರ ಮೇಲೂ ಹೊಣೆ. ಇವತ್ತಿನ ಯೋಜನಾ ವರದಿಗಳ ಕೊನೆಗೆ 'ನಿರ್ವಹಣೆ' ಅಂತ ಒಂದು ಪುಟ ಇರುತ್ತದಲ್ಲ, ಯಾರೂ ಓದದ ಪುಟ, ಅದನ್ನು ಅವರು ಕಲ್ಲಿನಲ್ಲಿ ಕೊರೆಸಿದ್ದರು. ಕಟ್ಟುವುದರಷ್ಟೇ ನಡೆಸಿಕೊಂಡು ಹೋಗುವುದೂ ದೊಡ್ಡದು ಅನ್ನೋ ತಿಳಿವು ಈ ನೆಲಕ್ಕೆ ಸಾವಿರ ವರ್ಷದ ಹಿಂದೆಯೇ ಇತ್ತು.

ಅದೇ ಇಂಡಿ ಸೀಮೆಯ ಹಲಸಂಗಿಯನ್ನೂ ಬಿಡುವಂತಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ 'ಹಲಸಂಗಿ ಗೆಳೆಯರು' ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು, ಲಾವಣಿಗಳನ್ನು ಕೇಳಿ ಬರೆದುಕೊಂಡರು. 'ಗರತಿಯ ಹಾಡು' ಪುಸ್ತಕವಾಗಿ ಬಂದದ್ದು 1931ರಲ್ಲಿ. ಹಾಡು, ಕುಣಿತ, ಕೈಕೆಲಸಗಳೂ ಪರಂಪರೆ ಎಂದು ಯುನೆಸ್ಕೊ ಒಡಂಬಡಿಕೆ ಮಾಡಿದ್ದು 2003ರಲ್ಲಿ. ನಡುವೆ 72 ವರ್ಷ. ಹಳ್ಳಿಯ ನಾಲ್ಕು ಗೆಳೆಯರು ಯಾವ ನಮೂನೆಯನ್ನೂ ಕಾಯದೆ ಹಾಳೆ-ಪೆನ್ಸಿಲ್ ಹಿಡಿದು ಕೂತಿದ್ದರು.

ನೀರು ಬಂದಾಗ ಏನನ್ನು ಎತ್ತಿಕೊಂಡೆವು?

ಯಾವುದು ಪರಂಪರೆ ಅನ್ನೋ ಪ್ರಶ್ನೆ ನಮ್ಮ ಸೀಮೆಗೆ ಪುಸ್ತಕದ ಪ್ರಶ್ನೆಯಾಗಿ ಬರಲಿಲ್ಲ. ನೀರಾಗಿ ಬಂತು. ವೆನಿಸ್ ಸನ್ನದು ಆದ 1964ರ ಅದೇ ಮೇ ತಿಂಗಳಲ್ಲೇ ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೆಳಗೆ ನಾರಾಯಣಪುರದಲ್ಲಿ ಇನ್ನೊಂದು ಅಣೆಕಟ್ಟು. ಎರಡರ ಹಿನ್ನೀರಿಗೆ ಕೃಷ್ಣೆಯ ದಂಡೆಯ ಊರುಗಳು ಸಾಲುಸಾಲಾಗಿ ಹೋದವು.

ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳ ಮುಳುಗಬಾರದು ಅಂತ ಅದರ ಸುತ್ತ ಬಾವಿಯಂತೆ ದುಂಡಗಿನ ಗೋಡೆ ಎಬ್ಬಿಸಿದರು. ಹೊರಗೆ ನದಿ, ಒಳಗೆ ಮೆಟ್ಟಿಲು ಇಳಿದರೆ ಐಕ್ಯಲಿಂಗ. ನಮ್ಮ ಓದಿನವರು ಒಮ್ಮೆಯಾದರೂ ನೋಡಬೇಕಾದ ಕೆಲಸ ಅದು. ಸ್ಮಾರಕ ಅಂತ ಗುರುತಿಸಿದ್ದನ್ನು ಎಂಜಿನಿಯರಿಂಗ್ ಉಳಿಸಬಲ್ಲದು ಅನ್ನೋದಕ್ಕೆ ಸಾಕ್ಷಿ. ಆದರೆ ಗುರುತಿಸದೇ ಇದ್ದದ್ದು? ಅಗಸಿ ಬಾಗಿಲು, ಹಗೇವು, ಕಟ್ಟೆ, ಅಲಾಯಿ ಕುಣಿ ಇವಕ್ಕೆಲ್ಲ ಗೋಡೆ ಎಬ್ಬಿಸೋದು ಸಾಧ್ಯವೂ ಇರಲಿಲ್ಲ.

ಕೊಲ್ಹಾರವನ್ನೇ ನೋಡ್ರಿ. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಹೋಯಿತು, ಹೊಸ ಊರು ಮೇಲೆ ಬಂತು. ಊರಿನ ಹೆಸರಿನ ಜೊತೆ ಎಲ್ಲರಿಗೂ ನೆನಪಾಗುವ ಗಡಿಗಿ ಮೊಸರು ಮಾತ್ರ ನೀರಿನಲ್ಲಿ ಮುಳುಗಲಿಲ್ಲ. ಹೆಪ್ಪು ಹಾಕುವ ಹದ ಹೆಣ್ಣುಮಕ್ಕಳ ಕೈಯಲ್ಲಿತ್ತು, ಅದು ಅವರ ಜೊತೆ ಮೇಲಕ್ಕೆ ಹತ್ತಿತು. ಹೊಸ ಊರಿನಲ್ಲೂ ಮಣ್ಣಿನ ಗಡಿಗೆಯಲ್ಲಿ ಅದೇ ಗಟ್ಟಿ ಮೊಸರು. ಪಟ್ಟಿಯಲ್ಲಿ ಎಂದೂ ಬರದ ಈ ಮೊಸರೇ ಇವತ್ತು ಹಳೆ ಕೊಲ್ಹಾರವನ್ನು ಹೊಸ ಕೊಲ್ಹಾರಕ್ಕೆ ಜೋಡಿಸಿರುವ ದಾರ. ಆದರೆ ಎಮ್ಮೆಗೆ ಮೇವು ಬೇಕು, ಗಡಿಗೆಗೆ ಮಣ್ಣು ಬೇಕು, ಕುಂಬಾರರ ಆವಿಗೆ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಗಡಿಗಿ ಮೊಸರು ಪ್ಲಾಸ್ಟಿಕ್ ಡಬ್ಬಿಯ ಮೊಸರಾಗುತ್ತದೆ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯದು ಇನ್ನೊಂದು ಪಾಠ. 1565ರ ಯುದ್ಧಕ್ಕೆ ತಾಳಿಕೋಟೆ ಕದನ, ರಕ್ಕಸಗಿ-ತಂಗಡಗಿ ಕದನ ಅಂತ ಎರಡೂ ಹೆಸರುಂಟು. ಪಠ್ಯಪುಸ್ತಕಕ್ಕೆ ಈ ಊರು ಬೇಕಾದದ್ದು ಅಷ್ಟಕ್ಕೇ. ಸುತ್ತಲಿನ ಮಂದಿಗೆ ಮಾತ್ರ ತಂಗಡಗಿ ಅಂದರೆ ಬಸವಣ್ಣನ ಮಡದಿ ನೀಲಮ್ಮ ಐಕ್ಯವಾದ ಊರು. ಒಂದೇ ನೆಲ, ಎರಡು ನೆನಪು. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಶಾಸನಗಳ ಜೊತೆ ಊರಿನ ಹೆಸರುಗಳನ್ನೂ ಚರಿತ್ರೆಯ ಆಕರವಾಗಿ ಓದಿದವರು. ಕಲ್ಲು ಇಲ್ಲದ ಕಡೆಯೂ ಹೆಸರು ಮಾತಾಡುತ್ತದೆ. ನಮ್ಮ ಪಟ್ಟಣಗಳ ಓಣಿ, ಬಾವಿ, ಹಳ್ಳಗಳ ಹೆಸರು ಅಳಿಸಿ ವಾರ್ಡ್ ನಂಬರ್ ಅಷ್ಟೇ ಉಳಿಸಿದರೆ ನಾವು ಕಳೆದುಕೊಳ್ಳುವುದು ಏನು ಅನ್ನೋದು ಇದರಿಂದ ತಿಳಿಯುತ್ತದೆ.

ಎಲ್ಲ ಹಳೆಯದೂ ಒಳ್ಳೆಯದೇ?

ಇಲ್ಲಿ ನಮ್ಮ ನಮ್ಮಲ್ಲೇ ಜಗಳ ಆಯಿತು. ಕಟ್ಟೆಯನ್ನು ಪಟ್ಟಿಗೆ ಸೇರಿಸೋಣ ಅಂದಾಗ ಗೆಳತಿಯೊಬ್ಬಳು ಕೇಳಿದಳು: "ಆ ಕಟ್ಟಿ ಮ್ಯಾಲ ನಮ್ಮವ್ವ ಒಂದಿನಾನೂ ಕುಂತಿಲ್ಲ. ಅದು ಯಾರ ಪರಂಪರೆ?" ಬಾವಿಯದೂ ಅದೇ ಪ್ರಶ್ನೆ. ಯಾರು ಹಗ್ಗ ಇಳಿಸಬಹುದಿತ್ತು, ಯಾರು ದೂರ ನಿಂತು ಕೊಡ ಚಾಚಬೇಕಿತ್ತು? ಓಣಿಗಳ ಹೆಸರಲ್ಲಿ ಜಾತಿಯೂ ಇದೆ. ಇದನ್ನೆಲ್ಲ ಬಿಟ್ಟು 'ನಮ್ಮ ಜೀವಂತ ಪರಂಪರೆ' ಅಂತ ಹಾಡಿದರೆ ಅದು ಇನ್ನೊಂದು ಸುಳ್ಳು.

ಬಸವನ ಬಾಗೇವಾಡಿಯ ಮಣ್ಣಿನಲ್ಲಿ ಈ ಪ್ರಶ್ನೆ 12ನೇ ಶತಮಾನದ್ದು. ಅಲ್ಲಿ ಹುಟ್ಟಿದ ಬಸವಣ್ಣ ಕಟ್ಟಿ ನಿಲ್ಲಿಸಿದ ಸ್ಥಾವರವನ್ನು ಒಂದು ಕಡೆ, ನಡೆದಾಡುವ ಜಂಗಮವನ್ನು ಇನ್ನೊಂದು ಕಡೆ ಇಟ್ಟು, ಬೆಲೆ ಯಾವುದಕ್ಕೆ ಅಂತ ಕೇಳಿದವನು. ಅವನಿಗೇ ನಾವು ಊರೂರಿಗೆ ಸ್ಥಾವರ ಕಟ್ಟುತ್ತಿದ್ದೇವೆ ಅನ್ನೋದು ಬೇರೆ ಮಾತು. ಜಂಗಮ ಅನ್ನೋದರ ಒಂದು ಅನುಕೂಲ ಅಂದರೆ ಅದನ್ನು ತಿದ್ದಬಹುದು. ಸ್ಮಾರಕದ ಕಲ್ಲನ್ನು ಮುಟ್ಟುವಂತಿಲ್ಲ. ಆದರೆ ಕಟ್ಟೆಯ ಮೇಲೆ ಅವ್ವಂದಿರೂ ಕೂಡುವ ಹಾಗೆ ಮಾಡಬಹುದು. ಆಗ ಕಟ್ಟೆ ಕೆಡುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಗೆಳತಿಯ ಮಾತಿನ ನಂತರ ನಮ್ಮ ಪಟ್ಟಿಗೆ 'ಯಾರಿಗೆ ಪ್ರವೇಶ ಇರಲಿಲ್ಲ?' ಎಂಬ ಕಾಲಂ ಸೇರಿತು.

ನಮ್ಮಲ್ಲೊಬ್ಬರ ಅಜ್ಜನ ಮಾಳಿಗೆ ಮನೆಯನ್ನು ಈ ವರ್ಷ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದಾರೆ. ಕೆಡವಬ್ಯಾಡ್ರಿ ಅಂತ ಹೇಳುವ ಧೈರ್ಯ ನಮಗೆ ಬರಲಿಲ್ಲ. ಮಣ್ಣು ಹಾಕುವ ಮಂದಿ ಸಿಗುವುದಿಲ್ಲ, ಮಳೆಗೆ ಸೋರುತ್ತದೆ, ವಯಸ್ಸಾದ ಅಜ್ಜಿಗೆ ರಾತ್ರಿ ಎದ್ದು ಬಕೆಟ್ ಇಡುವುದು ಆಗುವುದಿಲ್ಲ. ಆದರೆ ಕೆಡಹುವ ಮೊದಲು ಎರಡು ದಿನ ಕೂತು ಮನೆಯನ್ನು ಅಳೆದು ನಕ್ಷೆ ಮಾಡಿದೆವು. ಜಂತಿಯಿಂದ ಜಂತಿಗೆ ಎಷ್ಟು ಅಂತರ, ಮಣ್ಣು ಎಷ್ಟು ದಪ್ಪ, ಯಾವ ಹಳ್ಳದಿಂದ ತರುತ್ತಿದ್ದರು ಎಲ್ಲವನ್ನೂ ಅಜ್ಜ ಹೇಳಿದರು, ನಾವು ಬರೆದುಕೊಂಡೆವು. ಕೊನೆಗೆ ಅಜ್ಜ, "ಇಷ್ಟ ವರ್ಷ ಆತು, ಇದನ್ನ ಯಾರೂ ಕೇಳಿರಲಿಲ್ಲ ತಮ್ಮಾ" ಅಂದರು.

ಹೊಸ ಕಾಲಂಗಳು

ಇದನ್ನೆಲ್ಲ ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಬರೆಯಬೇಕು? ಯಾಕಂದರೆ ನಾಳೆ ರಸ್ತೆ ಅಗಲ ಮಾಡುವ ನಕ್ಷೆಗೆ, ಚರಂಡಿಯ ಎಸ್ಟಿಮೇಟಿಗೆ, ಬಡಾವಣೆಯ ಯೋಜನೆಗೆ ಸಹಿ ಹಾಕುವವರು ನಮ್ಮಲ್ಲೇ ಇದ್ದಾರೆ. ಅಲಾಯಿ ಕುಣಿಯ ಮೇಲೆ ಪೇವರ್ಸ್ ಹಾಕುವವರಿಗೆ ಅದನ್ನು ಕೆಡಿಸಬೇಕು ಅನ್ನೋ ಉದ್ದೇಶ ಇರುವುದಿಲ್ಲ. ಅವರ ಡ್ರಾಯಿಂಗಿನಲ್ಲಿ ಅದು ಇರುವುದೇ ಇಲ್ಲ, ಅಷ್ಟೇ.

ಹಳೆಯ ನಮೂನೆಯನ್ನು ನಾವು ಎಸೆಯಲಿಲ್ಲ. ಗುಡಿ, ಮಸೀದಿ, ಕೋಟೆ, ಬಾವಡಿಗಳಿಗೆ ಅದು ಬೇಕೇ ಬೇಕು. ಅದರ ಕೆಳಗೆ ಏಳು ಕಾಲಂ ಸೇರಿಸಿದೆವು:

1. ಇದನ್ನು ಯಾರು, ವರ್ಷದ ಯಾವ ದಿನಗಳಲ್ಲಿ ಬಳಸುತ್ತಾರೆ?
2. ಯಾರು ರಿಪೇರಿ ಮಾಡುತ್ತಾರೆ? ಆ ಕೆಲಸ ಯಾರಿಂದ ಕಲಿತರು?
3. ರಿಪೇರಿಗೆ ಬೇಕಾದ ಮಣ್ಣು, ಕಟ್ಟಿಗೆ, ಕಲ್ಲು ಎಲ್ಲಿಂದ ಬರುತ್ತದೆ?
4. ಊರಿನವರು ಇದಕ್ಕೆ ಏನಂತ ಕರೆಯುತ್ತಾರೆ?
5. ಇಲ್ಲಿ ಕೇಳುವ ಹಾಡು, ಮಾತು, ವಾದ್ಯ ಯಾವುದು?
6. ಯಾರಿಗೆ ಪ್ರವೇಶ ಇರಲಿಲ್ಲ? ಈಗ ಇದೆಯೇ?
7. ಇದು ಹೋದರೆ ಮೊದಲು ತೊಂದರೆ ಆಗುವುದು ಯಾರಿಗೆ?

ಏಳನೆಯದು ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. 'ಎಷ್ಟು ಹಳೆಯದು' ಅಂತ ಕೇಳಿದರೆ ಮಂದಿ ಸುಮ್ಮನಾಗುತ್ತಾರೆ. 'ಹೋದರೆ ಯಾರಿಗೆ ತ್ರಾಸ' ಅಂತ ಕೇಳಿದರೆ ಚಹಾ ತರಿಸಿ ಕೂಡಿಸಿಕೊಂಡು ಮಾತಾಡುತ್ತಾರೆ. ಆ ಕುಣಿಯ ಮುಂದೆ ನಾವು ತುಂಬಿದ ಮೊದಲ ಹಾಳೆಯಲ್ಲಿ ಈಗ ವಾಸ್ತುಶೈಲಿಯ ಜಾಗ ಖಾಲಿ ಇದೆ, ಉಳಿದದ್ದು ಎರಡೂ ಬದಿ ತುಂಬಿದೆ.

ಮುಂದಿನ ರಜೆಗೆ ಊರಿಗೆ ಹೋಗುವವರು ಈ ಏಳು ಪ್ರಶ್ನೆ ಬರೆದುಕೊಂಡು ಹೋಗ್ರಿ. ಯಾವ ಜಿಲ್ಲೆಯಾದರೂ ಸರಿ. ನಿಮ್ಮ ಓಣಿಯ ಒಂದೇ ಒಂದು ಜಾಗದ ಬಗ್ಗೆ ತುಂಬಿಕೊಂಡು ಬರ್ರಿ, ಕನ್ನಡ ಸಂಘದ ಕಪಾಟಿನಲ್ಲಿ ಫೈಲು ತೆರೆದಿಟ್ಟಿದ್ದೇವೆ. ಮತ್ತ ಯಾರಾದರೂ "ನಿಮ್ಮೂರಾಗ ನೋಡಾಕ ಏನೈತಿ?" ಅಂತ ಕೇಳಿದರೆ, ನಾವು ಈಗ ಕೊಡುವ ಉತ್ತರ ಬೇರೆ: "ನೋಡಾಕ ಅಷ್ಟೇ ಅಲ್ಲ ಮಾರಾಯ, ಮೊಹರಮ್‌ಗೆ ಬಾ, ಒಂದೆರಡು ದಿನ ಇರು."